ಪಾಸಮಲರ್: ಅಣ್ಣ–ತಂಗಿ ಕತೆಗಳಿಗೆ ಸಿಕ್ಕ ಅಚ್ಚು

ತಮಿಳಿನ ‘ಪಾಸಮಲರ್’ 1961ರ ಮೇ 27ರಂದು ತೆರೆಕಂಡಿತು. ನಿರ್ದೇಶನ ಎ. ಭೀಮ್‌ಸಿಂಗ್ ಅವರದು. ಅಣ್ಣನಾಗಿ ಶಿವಾಜಿ ಗಣೇಶನ್, ತಂಗಿಯಾಗಿ ಸಾವಿತ್ರಿ, ತಂಗಿಯ ಗಂಡನಾಗಿ ಜೆಮಿನಿ ಗಣೇಶನ್ ನಟಿಸಿದ ಈ ಕಪ್ಪು–ಬಿಳುಪು ಚಿತ್ರ ಆರು ದಶಕಗಳಾಚೆಗೂ ತಮಿಳು ಕೌಟುಂಬಿಕ ಸಿನಿಮಾದ ಅಳತೆಗೋಲಾಗಿ ಉಳಿದಿದೆ. ಒಡಹುಟ್ಟಿದವರು ತುಸು ಹೆಚ್ಚೇ ಅಕ್ಕರೆ ತೋರಿಸಿಕೊಂಡರೆ ‘ಪಾಸಮಲರ್ ಅಣ್ಣ–ತಂಗಿ’ ಎಂದು ಛೇಡಿಸುವ ರೂಢಿ ತಮಿಳುನಾಡಿನಲ್ಲಿ ಇನ್ನೂ ಇದೆ. ಚಿತ್ರವನ್ನೇ ನೋಡದವರೂ ಹಾಗೆ ಛೇಡಿಸುತ್ತಾರೆ.

ಕಣ್ಣೀರಿನ ಚಿತ್ರ ಎಂಬ ಹೆಸರು ಇದಕ್ಕೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆಯೆಂದರೆ, ಇದನ್ನು ಕಟ್ಟಿದ ಬಗೆಯ ಕುರಿತು ಮಾತು ಕಡಿಮೆ. ಪ್ರೇಕ್ಷಕರನ್ನು ಅಳಿಸುವ ಚಿತ್ರಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಅವುಗಳಲ್ಲಿ ಬಹುಪಾಲು ಮರೆತೇಹೋಗಿವೆ. ‘ಪಾಸಮಲರ್’ ಉಳಿದುಕೊಂಡದ್ದು ಅದರ ಅಳುವಿನ ಅಡಿಯಲ್ಲಿ ಕೂಲಿ, ಬಂಡವಾಳ, ಯಜಮಾನಿಕೆಗಳ ಲೆಕ್ಕವೂ ಇದ್ದುದರಿಂದ. ಪ್ರೀತಿ ಕೊಡುವವನೇ ಅನ್ನವನ್ನೂ ಕೊಡುವವನಾದರೆ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಚಿತ್ರದ ಮೊದಲ ಅರ್ಧ ಬಹಳ ಸ್ಪಷ್ಟವಾಗಿ ತೋರಿಸುತ್ತದೆ.

ಅಣ್ಣ–ತಂಗಿಯ ಕತೆ ತಮಿಳರಿಗೆ ಹೊಸದೇನಲ್ಲ. ಅಲ್ಲಿನ ಜನಪದದಲ್ಲಿ ನಲ್ಲತಂಗಾಳ್ ಕತೆ ಬಲು ಹಳೆಯದು. ಬರಗಾಲದಲ್ಲಿ ಏಳು ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದ ಹೆಣ್ಣುಮಗಳಿಗೆ, ಅಣ್ಣ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅತ್ತಿಗೆ ಒಂದು ತುತ್ತೂ ಇಡುವುದಿಲ್ಲ. ಅವಳು ಮಕ್ಕಳನ್ನು ಬಾವಿಗೆ ನೂಕಿ ತಾನೂ ಹಾರುತ್ತಾಳೆ. ತವರಿನ ಹಂಬಲವನ್ನೇ ಉಸಿರಾಗಿಸಿಕೊಂಡ ಬೀಸುಕಲ್ಲಿನ ಪದಗಳಿರುವ ಕನ್ನಡ ನಾಡಿಗೆ ಈ ಕತೆಯ ದುಃಖ ಅಪರಿಚಿತವಲ್ಲ. ಸಿನಿಮಾದಲ್ಲೂ ದಾರಿ ಆಗಲೇ ಬಿದ್ದಿತ್ತು. 1952ರಲ್ಲಿ ಎಂ. ಜಿ. ರಾಮಚಂದ್ರನ್ ‘ಎನ್ ತಂಗೈ’ಯಲ್ಲಿ ಅಣ್ಣನಾಗಿದ್ದರು. ಅದೇ ವರ್ಷ ಕೃಷ್ಣನ್–ಪಂಜು ಜೋಡಿ ನಿರ್ದೇಶಿಸಿ, ಎಂ. ಕರುಣಾನಿಧಿ ಸಂಭಾಷಣೆ ಬರೆದ ‘ಪರಾಶಕ್ತಿ’ಯಲ್ಲಿ ಶಿವಾಜಿ ಮೊದಲ ಸಲ ತೆರೆಯ ಮೇಲೆ ಕಾಣಿಸಿಕೊಂಡರು. ಅದೂ ವಿಧವೆ ತಂಗಿಯನ್ನು ಹುಡುಕಿ ಬರುವ ಅಣ್ಣನ ಕತೆಯೇ.

ಭೀಮ್‌ಸಿಂಗ್ ಕೆಲಸ ಕಲಿತದ್ದು ಆ ಕೃಷ್ಣನ್–ಪಂಜು ಗರಡಿಯಲ್ಲಿ, ಅದೂ ಸಂಕಲನದ ಮೇಜಿನ ಮುಂದೆ. ಕೃಷ್ಣನ್ ಅವರ ತಂಗಿಯನ್ನು ಮದುವೆಯಾಗಿ ನಂಟನೂ ಆದರು. ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರ 1954ರ ‘ಅಮ್ಮೈಯಪ್ಪನ್’. ಅದು ಅಷ್ಟಾಗಿ ನಡೆಯಲಿಲ್ಲ. ಅವರ ಕೈ ಹಿಡಿದದ್ದು 1958ರ ‘ಪತಿ ಭಕ್ತಿ’, ಆಮೇಲೆ 1959ರ ದೀಪಾವಳಿಗೆ ಬಂದ ‘ಭಾಗ ಪಿರಿವಿನೈ’. ಕೂಡುಕುಟುಂಬವೊಂದು ಗೋಡೆ ಎಬ್ಬಿಸಿಕೊಂಡು ಇಬ್ಭಾಗವಾಗುವ ಆ ಚಿತ್ರದಲ್ಲಿ ಶಿವಾಜಿ ಒಂದು ಕೈ ಸ್ವಾಧೀನವಿಲ್ಲದ ಹಳ್ಳಿಗನಾಗಿದ್ದರೆ, ನಾಯಕಿಯಾಗಿದ್ದವರು ಬೆಂಗಳೂರಿನ ಬಿ. ಸರೋಜಾದೇವಿ. ಅಲ್ಲಿಂದ ಭೀಮ್‌ಸಿಂಗ್–ಶಿವಾಜಿ ಚಿತ್ರಗಳ ಹೆಸರು ಒಂದೇ ಅಕ್ಷರದಿಂದ ಶುರುವಾಗುವುದು ವಾಡಿಕೆಯಾಯಿತು. ‘ಪಡಿಕ್ಕಾದ ಮೇದೈ’, ‘ಪಾವ ಮನ್ನಿಪ್ಪು’, ‘ಪಾಲುಂ ಪಳಮುಂ’, ‘ಪಾರ್ತಾಲ್ ಪಸಿ ತೀರುಂ’, ‘ಪಡಿತ್ತಾಲ್ ಮಟ್ಟುಂ ಪೋದುಮಾ’, ‘ಪಚ್ಚೈ ವಿಳಕ್ಕು’ ಹೀಗೆ ಪಟ್ಟಿ ಬೆಳೆಯಿತು. ತಮಿಳು ಪತ್ರಿಕೆಗಳು ಇವನ್ನು ‘ಪ’ ವರಿಸೆಯ ಚಿತ್ರಗಳೆಂದೇ ಕರೆದವು.

ಈ ಸಾಲಿನಲ್ಲಿ 1961 ಸುಗ್ಗಿಯ ವರ್ಷ. ಮಾರ್ಚ್‌ನಲ್ಲಿ ‘ಪಾವ ಮನ್ನಿಪ್ಪು’, ಮೇನಲ್ಲಿ ‘ಪಾಸಮಲರ್’, ಸೆಪ್ಟೆಂಬರ್‌ನಲ್ಲಿ ‘ಪಾಲುಂ ಪಳಮುಂ’ ಬಂದವು. ಆರು ತಿಂಗಳ ಅಂತರದಲ್ಲಿ ಮೂರು ಚಿತ್ರ. ಮೂರಕ್ಕೂ ಅದೇ ನಿರ್ದೇಶಕ, ಅದೇ ನಾಯಕ, ಅದೇ ಸಂಗೀತ ಜೋಡಿ, ಅದೇ ಗೀತರಚನಕಾರ. ಮೂರೂ ಗೆದ್ದವು. ಈ ವೇಗ ಸಾಧ್ಯವಾದದ್ದು ಮದರಾಸಿನ ಸ್ಟುಡಿಯೋ ವ್ಯವಸ್ಥೆಯಿಂದ. ಮನೆ, ಕಚೇರಿ, ಕಾರ್ಖಾನೆಯ ಅಂಗಳ ಎಲ್ಲವೂ ಅಲ್ಲಿ ಸೆಟ್ಟುಗಳಾಗಿ ಏಳುತ್ತಿದ್ದವು. ಒಬ್ಬ ನಟ ಬೆಳಗ್ಗೆ ಒಂದು ಚಿತ್ರದ ಕಾಲ್‌ಷೀಟಿನಲ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ದುಡಿಯುವುದು ಆಗ ಮಾಮೂಲು.

‘ಪಾಸಮಲರ್’ ಚಿತ್ರದ ಬ್ಯಾನರ್ ರಾಜಾಮಣಿ ಪಿಕ್ಚರ್ಸ್. ಶಿವಾಜಿಯವರ ತಾಯಿಯ ಹೆಸರೂ ರಾಜಾಮಣಿಯೇ. ನಿರ್ಮಾಪಕರಾದ ಎಂ. ಆರ್. ಸಂತಾನಂ ಮತ್ತು ಕೆ. ಮೋಹನ್ ಇಬ್ಬರೂ ಶಿವಾಜಿಯವರ ಆಪ್ತ ಬಳಗದವರು. ಈ ಸಂತಾನಂ ಅವರ ಮಕ್ಕಳೇ ಮುಂದೆ ‘ಗುಣಾ’ ನಿರ್ದೇಶಿಸಿದ ಸಂತಾನ ಭಾರತಿ ಮತ್ತು ನಟ ಆರ್. ಎಸ್. ಶಿವಾಜಿ. ಕತೆ ಕೊಟ್ಟವರು ಕೇರಳದ ಕೆ. ಪಿ. ಕೊಟ್ಟಾರಕ್ಕರ. ತಮಿಳರು ತಮ್ಮ ಮಣ್ಣಿನ ವಾಸನೆಯದೆಂದು ಎದೆಗೊತ್ತಿಕೊಂಡ ಕತೆ ಒಬ್ಬ ಮಲಯಾಳಿಯ ತಲೆಯಲ್ಲಿ ಹುಟ್ಟಿತು. ತಂಗಿಯ ಪಾತ್ರಕ್ಕೆ ಜೀವ ತುಂಬಿದಾಕೆ ತೆಲುಗಿನವಳು. ಮದರಾಸು ಆಗ ನಾಲ್ಕು ಭಾಷೆಗಳ ಸಿನಿಮಾ ಕಾರ್ಖಾನೆಯಾಗಿದ್ದುದರಿಂದ ಇದರಲ್ಲಿ ಯಾರಿಗೂ ವಿಶೇಷ ಕಾಣಿಸಿರಲಿಲ್ಲ.

ಸಂಭಾಷಣೆಯ ಹೊಣೆ ಬಿದ್ದದ್ದು ಇನ್ನೂ ಹೆಸರು ಮಾಡಬೇಕಿದ್ದ ಆರೂರ್‌ದಾಸ್ ಮೇಲೆ. ತಿರುವಾರೂರು ಕಡೆಯ ಅವರು ದೇವರ್ ಫಿಲಂಸ್‌ನ ‘ವಾಳ ವೈತ್ತ ದೈವಂ’ ಚಿತ್ರಕ್ಕೆ ಮಾತು ಬರೆದಿದ್ದರು. ಅದರ ನಾಯಕರಾಗಿದ್ದ ಜೆಮಿನಿ ಗಣೇಶನ್ ಅವರೇ ಈ ಹುಡುಗನನ್ನು ಶಿವಾಜಿ ಬಳಗಕ್ಕೆ ಪರಿಚಯಿಸಿದರು. ಈ ಆಯ್ಕೆ ಚಿತ್ರದ ಹದವನ್ನೇ ಬದಲಿಸಿತು. 1950ರ ದಶಕದ ತಮಿಳು ಸಂಭಾಷಣೆಗೆ ದ್ರಾವಿಡ ಚಳವಳಿಯ ವೇದಿಕೆ ಭಾಷಣದ ಗತ್ತಿತ್ತು. ಪ್ರಾಸ, ಏರುದನಿ, ಪುಟಗಟ್ಟಲೆ ಉದ್ದದ ಮಾತು. ಶಿವಾಜಿಯನ್ನು ಬೆಳೆಸಿದ್ದೇ ಆ ಮಾತುಗಾರಿಕೆ. ಆರೂರ್‌ದಾಸ್ ಅದನ್ನು ಪೂರ್ತಿ ಕೈಬಿಡದೆ, ಮನೆಯ ನಡುಮನೆಯಲ್ಲಿ ಆಡಬಹುದಾದ ಮಟ್ಟಕ್ಕೆ ಇಳಿಸಿದರು. ಅಣ್ಣ ತಂಗಿಯ ಕೈಯನ್ನು ಗೆಳೆಯನ ಕೈಗೆ ಕೊಡುವಾಗ, ನಿನಗೆ ಒಪ್ಪಿಸುತ್ತಿರುವುದು ನನ್ನ ಕಣ್ಣನ್ನೇ ಎಂಬರ್ಥದ ಮಾತು ಬರುತ್ತದೆ. ಧಾರೆ ಎರೆಯುವ ಹೊತ್ತಿನಲ್ಲಿ ಯಾರ ಬಾಯಲ್ಲಾದರೂ ಬರಬಹುದಾದ ಮಾತು. ಚಿತ್ರದ ಕೊನೆಯಲ್ಲಿ ಆತ ನಿಜವಾಗಿಯೂ ಕಣ್ಣು ಕಳೆದುಕೊಂಡಾಗ ಅದರ ತೂಕ ಗೊತ್ತಾಗುತ್ತದೆ. ಹೀಗೆ ಮೊದಲೇ ಬಿತ್ತಿ ಕೊನೆಗೆ ಕೊಯ್ಯುವ ಜಾಣ್ಮೆ ಆ ಕಾಲದ ಅಳುಚಿತ್ರಗಳಲ್ಲಿ ಅಪರೂಪ.

ಕತೆಯ ಹೂರಣ ಇಷ್ಟು. ರಾಜಶೇಖರನ್ ಮತ್ತು ರಾಧಾ ತಂದೆತಾಯಿ ಇಲ್ಲದ ಒಡಹುಟ್ಟುಗಳು. ಅಣ್ಣ ಕಾರ್ಖಾನೆಯ ಕೂಲಿಕಾರ, ತಂಗಿ ಮನೆಯಲ್ಲೇ ಕೂತು ಬೊಂಬೆ ಮಾಡುತ್ತಾಳೆ. ಕೆಲಸ ಹುಡುಕಿ ಬಂದ ಆನಂದನ್ ಅಣ್ಣನ ಗೆಳೆಯನಾಗುತ್ತಾನೆ. ಮುಷ್ಕರದಲ್ಲಿ ಕಾರ್ಖಾನೆ ಬಾಗಿಲು ಹಾಕಿ ಅಣ್ಣ ಬರಿಗೈಯಲ್ಲಿ ಮನೆಗೆ ಬಂದಾಗ, ತಂಗಿ ಬೊಂಬೆ ಮಾರಿ ಕೂಡಿಟ್ಟ ಹಣವನ್ನು ಅವನ ಮುಂದಿಡುತ್ತಾಳೆ. ಬೊಂಬೆಯ ವ್ಯಾಪಾರವನ್ನೇ ಯಾಕೆ ಶುರುಮಾಡಬಾರದು ಎಂದು ದಾರಿ ತೋರಿಸುವವಳೂ ಅವಳೇ. ಅಲ್ಲಿಂದ ರಾಜಶೇಖರನ್ ದೊಡ್ಡ ಉದ್ಯಮಿಯಾಗುತ್ತಾನೆ. ಹಳೆಯ ಗೆಳೆಯ ಈಗ ಅವನ ಬಳಿಯೇ ಕೆಲಸಕ್ಕೆ ಬರುತ್ತಾನೆ. ರಾಧಾಳಿಗೂ ಅವನಿಗೂ ಮನಸ್ಸು ಕೂಡುತ್ತದೆ.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಅಣ್ಣನ ಸಿರಿವಂತಿಕೆಯ ಬುಡದಲ್ಲಿರುವ ಮೂಲಧನ ತಂಗಿಯದು, ಅವಳ ಬೆರಳುಗಳ ದುಡಿಮೆಯದು. ಆದರೆ ಕಾರ್ಖಾನೆ ಎದ್ದು ನಿಂತ ಮೇಲೆ ಯಜಮಾನ ಅಣ್ಣ ಮಾತ್ರ. ತಂಗಿ ದೊಡ್ಡ ಮನೆಯ ಅಲಂಕಾರವಾಗುತ್ತಾಳೆ, ಬೊಂಬೆ ಮಾಡುತ್ತಿದ್ದ ಕೈಗೆ ಕೆಲಸವೇ ಇಲ್ಲ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕೆಂದು ಅದಕ್ಕೆ ಅನ್ನಿಸಿತ್ತೋ ಇಲ್ಲವೋ, ತೆರೆಯ ಮೇಲೆ ಮಾತ್ರ ಕಾಣಿಸುತ್ತದೆ.

ಹಾಗೆಯೇ ಆನಂದನ್ ಜತೆಗಿನ ಬಿರುಕು ಬರೀ ಪ್ರೇಮದ ವಿಷಯಕ್ಕೆ ಹುಟ್ಟುವುದಲ್ಲ. ಆನಂದನ್ ಕಾರ್ಮಿಕರ ಪರವಾಗಿ ಮಾತಾಡುವವನು. ಒಂದು ಕಾಲಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ನಿಂತು ಕೂಲಿ ಪಡೆದವರು. ಈಗ ಒಬ್ಬ ಮೇಜಿನ ಆಚೆ, ಇನ್ನೊಬ್ಬ ಈಚೆ. ತಂಗಿಯ ಪ್ರೀತಿ ತಿಳಿದಾಗ ರಾಜಶೇಖರನ್‌ಗೆ ಅದು ನಂಬಿಕೆದ್ರೋಹವೆನಿಸುವುದಕ್ಕೆ ಈ ಏರುಪೇರೂ ಕಾರಣ. ತಾನು ಅನ್ನ ಕೊಟ್ಟವನು ತನ್ನ ಮನೆಯ ಮಗಳತ್ತ ಕಣ್ಣು ಹಾಕಿದ ಎಂಬ ಯಜಮಾನನ ಸಿಟ್ಟು ಅದು. ಮುಖ್ಯಮಂತ್ರಿ ಕಾಮರಾಜರ ಆಡಳಿತದಲ್ಲಿ ಮದರಾಸಿನ ಗಿಂಡಿಯಂಥ ಕಡೆ ಹೊಸ ಕೈಗಾರಿಕಾ ಬಡಾವಣೆಗಳು ಎದ್ದು, ಕೂಲಿಗಾರನೊಬ್ಬ ಸಣ್ಣ ಉದ್ಯಮಿಯಾಗುವುದು ಕನಸಷ್ಟೇ ಅಲ್ಲ ಎನಿಸುತ್ತಿದ್ದ ದಿನಗಳವು. ಪ್ರೇಕ್ಷಕರಿಗೆ ಈ ಗೆಳೆಯರ ನಡುವಿನ ಬಿಸಿ ಅರ್ಥವಾಗಲು ವಿವರಣೆ ಬೇಕಿರಲಿಲ್ಲ.

ಅಣ್ಣನಿಗೆ ಇಷ್ಟವಿಲ್ಲದಿದ್ದರೆ ತನಗೆ ಈ ಪ್ರೀತಿಯೂ ಬೇಡ ಎಂದು ರಾಧಾ ಆನಂದನ್‌ಗೆ ಹೇಳುವುದನ್ನು ರಾಜಶೇಖರನ್ ಕೇಳಿಸಿಕೊಳ್ಳುತ್ತಾನೆ. ಅಲ್ಲಿ ಅವನು ಕರಗುತ್ತಾನೆ. ತಾನೇ ಮುಂದೆ ನಿಂತು ಅದ್ದೂರಿ ಮದುವೆ ಮಾಡಿಸುತ್ತಾನೆ. ತಂಗಿಯ ಒತ್ತಾಯಕ್ಕೆ ಮಾಲತಿ ಎಂಬಾಕೆಯನ್ನು ತಾನೂ ಮದುವೆಯಾಗುತ್ತಾನೆ. ಆ ಪಾತ್ರದಲ್ಲಿ ಎಂ. ಎನ್. ರಾಜಂ ಇದ್ದಾರೆ. ಎರಡು ದಂಪತಿ ಒಂದೇ ಸೂರಿನಡಿ.

ಇಲ್ಲಿಯವರೆಗೆ ಬಿಗಿಯಾಗಿದ್ದ ಕತೆ ಈ ಘಟ್ಟದಲ್ಲಿ ಸಡಿಲವಾಗುತ್ತದೆ. ಆನಂದನ್‌ನ ಸೋದರತ್ತೆ ಮನೆಗೆ ಬಂದು ಸೇರಿ ಚಾಡಿ ಹೇಳತೊಡಗುತ್ತಾಳೆ. ಮಾತಿಗೆ ಮಾತು ಬೆಳೆದು, ಆಸ್ತಿಯ ತಕರಾರು ಎದ್ದು, ಗಂಡ ಹೆಂಡತಿ ಮನೆ ಬಿಟ್ಟು ಹೊರಡುತ್ತಾರೆ. ಗೆಳೆಯರಿಬ್ಬರ ನಡುವೆ ಅಷ್ಟು ಗಟ್ಟಿಯಾದ, ನಿಜವಾದ ಜಗಳದ ಕಾರಣವನ್ನು ಸಿದ್ಧಪಡಿಸಿಟ್ಟುಕೊಂಡು, ಒಡಕಿನ ಹೊಣೆಯನ್ನು ಒಬ್ಬ ಚಾಡಿಕೋರ ಹೆಂಗಸಿನ ತಲೆಗೆ ಕಟ್ಟಿದ್ದು ಚಿತ್ರದ ದೊಡ್ಡ ಸೋಲು. ಕುಟುಂಬದ ಯಾವ ಮುಖ್ಯ ಸದಸ್ಯನೂ ಕೆಟ್ಟವನಾಗಬಾರದು ಎಂಬುದು ಆ ಮಾದರಿಯ ಅಲಿಖಿತ ಕರಾರು. ಹಾಗಾಗಿ ಹೊರಗಿನ ಕೆಡುಕೊಂದು ಬೇಕಾಗುತ್ತದೆ. ನಲ್ಲತಂಗಾಳ್ ಕತೆಯ ಅತ್ತಿಗೆಯನ್ನು ಒಳ್ಳೆಯವಳನ್ನಾಗಿ ಮಾಡಿದ ಚಿತ್ರ ಅವಳ ಕೆಲಸವನ್ನು ಸೋದರತ್ತೆಗೆ ವಹಿಸಿತು. ನಡುನಡುವೆ ಬರುವ ತಂಗವೇಲು ಅವರ ಹಾಸ್ಯವೂ ಆ ದಿನಗಳ ಕಡ್ಡಾಯ ಬಾಬತ್ತು. ಇಂದಿನ ಕಣ್ಣಿಗೆ ಅದು ಉದ್ದವಾಯಿತು.

ಅಂತ್ಯದಲ್ಲಿ ರಾಜಶೇಖರನ್ ಎಲ್ಲವನ್ನೂ ಬಿಟ್ಟು ಊರೂರು ಅಲೆದು ಹಿಂದಿರುಗುತ್ತಾನೆ. ದೀಪಾವಳಿ. ಪಟಾಕಿಯ ಬೆಂಕಿಯಿಂದ ಮಗುವೊಂದನ್ನು ಉಳಿಸಲು ಹೋಗಿ ಅವನ ಕಣ್ಣು ಹೋಗುತ್ತದೆ. ತಂಗಿ ಓಡಿ ಬರುತ್ತಾಳೆ.

ತಮಿಳು ಸಿನಿಮಾದ ಅತಿ ಹೆಚ್ಚು ನೆನಪಿನಲ್ಲಿರುವ ಸಾವಿನ ದೃಶ್ಯ ಇದೇ ಇರಬೇಕು. ಶಿವಾಜಿ ಬೆಳೆದದ್ದು ಬಾಲಕರ ನಾಟಕ ಕಂಪನಿಗಳಲ್ಲಿ. ಕೊನೆಯ ಬೆಂಚಿನವನಿಗೂ ತಲುಪಬೇಕೆಂಬ ದನಿ, ದೇಹದ ಪ್ರತಿ ಕೀಲನ್ನೂ ಬಳಸುವ ಚಲನೆ ಅವರ ಮೈಗೂಡಿತ್ತು. ಅದನ್ನು ಅತಿ ನಟನೆ ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಈ ದೃಶ್ಯದಲ್ಲಿ ಆ ಆಕ್ಷೇಪ ನಿಲ್ಲುವುದಿಲ್ಲ. ತಂಗಿಯನ್ನು ಎತ್ತಿ ಆಡಿಸಿದ ದಿನಗಳ ಚಪ್ಪಾಳೆ ತಟ್ಟುವ ಶಿಶುಪದವೊಂದನ್ನು ಅವರು ಉಸಿರು ಸಿಕ್ಕಿಸಿಕೊಂಡು ಹೇಳತೊಡಗುತ್ತಾರೆ. ದನಿ ದೊಡ್ಡದಾಗಬೇಕಾದ ಕಡೆ ಒಡೆಯುತ್ತದೆ. ಕಣ್ಣು ಕಾಣದವನ ಕೈ ತಂಗಿಯ ಮುಖವನ್ನು ತಡವುತ್ತದೆ. ಸಾವಿತ್ರಿ ಹೆಚ್ಚೇನೂ ಮಾಡುವುದಿಲ್ಲ. ಶಿವಾಜಿ ಎದುರಿಗೆ ಇದ್ದಾಗ ಏನೂ ಮಾಡದಿರುವುದಕ್ಕೆ ಬೇಕಾದ ಧೈರ್ಯ ಆ ಪೀಳಿಗೆಯ ನಟಿಯರಲ್ಲಿ ಅವರಿಗಿದ್ದಷ್ಟು ಮತ್ತಾರಿಗೂ ಇರಲಿಲ್ಲ. ಅಣ್ಣ ಉಸಿರು ಬಿಟ್ಟಲ್ಲೇ ತಂಗಿಯೂ ಬೀಳುತ್ತಾಳೆ. ತರ್ಕಕ್ಕೆ ಸಿಗದ ಸಾವು. ವೈದ್ಯರನ್ನು ಕೇಳಿದರೆ ಒಪ್ಪುವುದಿಲ್ಲ. ಚಿತ್ರಮಂದಿರದಲ್ಲಿ ಕೂತವರಂತೂ ಕೇಳಲಿಲ್ಲ.

ಪಾತ್ರಹಂಚಿಕೆಯ ಧೈರ್ಯವೂ ಹೇಳಬೇಕಾದದ್ದೇ. ಸಾವಿತ್ರಿ ಮತ್ತು ಜೆಮಿನಿ ನಿಜಜೀವನದಲ್ಲೂ ಗಂಡ–ಹೆಂಡತಿ, ಅದು ಪ್ರೇಕ್ಷಕರಿಗೂ ಗೊತ್ತಿತ್ತು. ಶಿವಾಜಿಗೆ ಆಗ 32 ವರ್ಷ, ಪ್ರಣಯದ ನಾಯಕನಾಗಿ ಬೇಡಿಕೆ ಉತ್ತುಂಗದಲ್ಲಿದ್ದ ಹೊತ್ತು. ಆ ಹೊತ್ತಿನಲ್ಲಿ ಅವರು ಪ್ರೇಮಗೀತೆಯನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಅಣ್ಣನಾದರು. ಮುಂದೆ ‘ನವರಾತ್ರಿ’, ‘ತಿರುವಿಳೈಯಾಡಲ್’ಗಳಲ್ಲಿ ಶಿವಾಜಿ–ಸಾವಿತ್ರಿ ಮತ್ತೆ ಜೋಡಿಯಾದರು. ಆದರೂ ತಮಿಳರ ಮನಸ್ಸಿನಲ್ಲಿ ಅವರಿಬ್ಬರು ಅಣ್ಣ–ತಂಗಿಯರೇ.

ಸಂಗೀತ ವಿಶ್ವನಾಥನ್–ರಾಮಮೂರ್ತಿ ಜೋಡಿಯದು, ಸಾಹಿತ್ಯ ಕಣ್ಣದಾಸನ್ ಅವರದು. ‘ಮಲರ್ಂದುಂ ಮಲರಾದ’ ಹಾಡು ಚಿತ್ರದ ಕೀಲಿ. ಬೇರೆಯಾದ ಮೇಲೆ ಅಣ್ಣನಿಗೊಂದು ಮಗು, ತಂಗಿಗೊಂದು ಮಗು. ಇಬ್ಬರೂ ತಂತಮ್ಮ ಮನೆಯಲ್ಲಿ ತೊಟ್ಟಿಲ ಬಳಿ ನಿಂತು ಒಂದೇ ಜೋಗುಳವನ್ನು ಹಂಚಿಕೊಂಡು ಹಾಡುತ್ತಾರೆ. ಟಿ. ಎಂ. ಸೌಂದರರಾಜನ್ ಒಂದು ಕಡೆ, ಪಿ. ಸುಶೀಲಾ ಇನ್ನೊಂದು ಕಡೆ. ರೂಪದಲ್ಲಿ ಅದು ಯುಗಳಗೀತೆ, ಆದರೆ ಹಾಡುವವರಿಬ್ಬರ ನಡುವೆ ಊರಿನಷ್ಟು ದೂರವಿದೆ. ಸಂಕಲನದಿಂದ ಬಂದ ನಿರ್ದೇಶಕನ ಕೈ ಇಲ್ಲಿ ಎದ್ದು ಕಾಣುತ್ತದೆ. ಚಿತ್ರದ ಸಂಕಲನದಲ್ಲೂ ಭೀಮ್‌ಸಿಂಗ್ ಅವರದೇ ಹೆಸರಿದೆ. ಒಂದು ಮನೆಯಲ್ಲಿ ಎತ್ತಿದ ದನಿಗೆ ಇನ್ನೊಂದು ಮನೆಯಲ್ಲಿ ಉತ್ತರ ಬರುವಂತೆ ತುಣುಕುಗಳನ್ನು ಜೋಡಿಸಿ, ರಾಜಿಯಾಗದ ಇಬ್ಬರನ್ನು ತೆರೆಯ ಮೇಲೆ ಒಟ್ಟಿಗೆ ಕೂರಿಸಿದ್ದಾರೆ.

ಹಾಡಿನ ಒಳಗೆ ಇನ್ನೊಂದು ಆಸೆಯೂ ಅಡಗಿದೆ. ಸೋದರಮಾವ ಚಿನ್ನ–ವಜ್ರ ಕೊಟ್ಟು ಹೆಣ್ಣು ಕೇಳುವ ಕನಸು ಅಲ್ಲಿ ಬರುತ್ತದೆ. ಅಕ್ಕತಂಗಿಯರ ಮಗಳು ಅಣ್ಣತಮ್ಮಂದಿರ ಮಗನಿಗೆ ಎಂಬ ವಾಡಿಕೆ ತಮಿಳುನಾಡಿನಂತೆ ಕರ್ನಾಟಕದ ಹಲವು ಸಮುದಾಯಗಳಲ್ಲೂ ಇದೆ. ಮದುವೆಯಾಗಿ ಬೇರೆ ಮನೆ ಸೇರಿದ ತಂಗಿಯ ರಕ್ತ ಮುಂದಿನ ತಲೆಮಾರಿನಲ್ಲಿ ತವರಿಗೆ ಮರಳುವ ದಾರಿ ಅದೊಂದೇ. ಈ ಹಿನ್ನೆಲೆ ಬಲ್ಲವರಿಗೆ ಜೋಗುಳ ಬರೀ ಜೋಗುಳವಾಗಿ ಕೇಳಿಸುವುದಿಲ್ಲ. ತೊಟ್ಟಿಲಲ್ಲಿ ಮಲಗಿರುವ ಕೂಸುಗಳ ಮೂಲಕ ದೊಡ್ಡವರು ರಾಜಿಯ ಮಾತಾಡುತ್ತಿದ್ದಾರೆ.

‘ವಾರಾಯೆನ್ ತೋಳಿ’ಯ ಕತೆ ಬೇರೆ. ಮದುಮಗಳನ್ನು ಗೆಳತಿಯರು ಛೇಡಿಸುತ್ತ ಕರೆತರುವ ಹಾಡು ಅದು. ಹಾಡಿದವರು ಎಲ್. ಆರ್. ಈಶ್ವರಿ. ಗುಂಪು ಗಾಯನದಲ್ಲಿ ದನಿಗೂಡಿಸುತ್ತಿದ್ದ ಹುಡುಗಿಗೆ ಈ ಒಂದು ಹಾಡು ಸ್ವಂತ ಹೆಸರು ತಂದುಕೊಟ್ಟಿತು. ತಮಿಳರ ಮದುವೆ ಮನೆಯ ಧ್ವನಿವರ್ಧಕದಲ್ಲಿ ಅಂದಿನಿಂದ ಇಂದಿನವರೆಗೂ ಅದು ಕೇಳಿಸುತ್ತಿದೆ. ಕನ್ನಡದ ಕ್ಯಾಬರೆ ಹಾಡುಗಳಲ್ಲಿ ಈಶ್ವರಿಯವರ ದನಿ ಕೇಳಿ ಬೆಳೆದವರಿಗೆ, ಆ ದನಿ ಮೊದಲು ಗೆದ್ದದ್ದು ಧಾರೆ ಮಂಟಪದ ಹಾಡಿನಿಂದ ಎಂಬುದು ಸೋಜಿಗ. ಜೆಮಿನಿಯ ಪ್ರೇಮಗೀತೆಗೆ ದನಿಯಾದವರು ಪಿ. ಬಿ. ಶ್ರೀನಿವಾಸ್. ಕನ್ನಡದಲ್ಲಿ ರಾಜ್‌ಕುಮಾರ್ ದನಿಯೆಂದೇ ಹೆಸರಾದ ಆ ಕಂಠ ತಮಿಳಿನಲ್ಲಿ ಜೆಮಿನಿ ಗಣೇಶನ್ ಪಾಲಿನದಾಗಿತ್ತು.

ಕ್ಯಾಮೆರಾ ಜಿ. ವಿಠ್ಠಲ್ ರಾವ್ ಅವರದು. ಅದರಲ್ಲಿ ಕಸರತ್ತಿಲ್ಲ. ಮುಖದ ಹತ್ತಿರ ಹೋಗಿ, ನಟನ ಮಾತು ಮುಗಿಯುವವರೆಗೆ ಅಲ್ಲಿಂದ ಕದಲದೆ ನಿಲ್ಲುವುದು ಅದರ ಕ್ರಮ. ಹೊರಾಂಗಣ ಕಡಿಮೆ, ನೆರಳು ಹೆಚ್ಚು.

ಚಿತ್ರ ಬೆಳ್ಳಿ ಹಬ್ಬ ಆಚರಿಸಿತು. 1961ರ ರಾಷ್ಟ್ರ ಪ್ರಶಸ್ತಿಗಳಲ್ಲಿ ತಮಿಳಿನ ಎರಡನೆಯ ಅತ್ಯುತ್ತಮ ಚಿತ್ರವೆಂಬ ಅರ್ಹತಾಪತ್ರ ದೊರೆಯಿತು. ಆ ವರ್ಷ ತಮಿಳಿನ ಮೊದಲ ಸ್ಥಾನ ಪಡೆದ ‘ಕಪ್ಪಲೋಟ್ಟಿಯ ತಮಿಳನ್’ನಲ್ಲೂ ನಾಯಕ ಶಿವಾಜಿಯವರೇ. ಆದರೆ ವಿ. ಓ. ಚಿದಂಬರಂ ಪಿಳ್ಳೆಯವರ ಬದುಕಿನ ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೊರಗಿತು. ಜನ ದೇಶಭಕ್ತನಿಗಿಂತ ಅಣ್ಣನನ್ನು ಹೆಚ್ಚು ಹಚ್ಚಿಕೊಂಡರು.

ಮರುವರ್ಷವೇ ತೆಲುಗಿನಲ್ಲಿ ‘ರಕ್ತ ಸಂಬಂಧಂ’ ಬಂತು. ವಿ. ಮಧುಸೂದನ ರಾವ್ ನಿರ್ದೇಶನದ ಅದರಲ್ಲಿ ಎನ್. ಟಿ. ರಾಮರಾವ್ ಅಣ್ಣ, ತಂಗಿಯಾಗಿ ಮತ್ತೆ ಸಾವಿತ್ರಿ. ತೆಲುಗಿನ ದೊಡ್ಡ ಹಾಸ್ಯ ಲೇಖಕ ಮುಳ್ಳಪೂಡಿ ವೆಂಕಟರಮಣ ಸಿನಿಮಾ ಸಂಭಾಷಣೆಗೆ ಕೈಯಿಟ್ಟದ್ದು ಈ ಅಳುವಿನ ಚಿತ್ರದಿಂದ ಎಂಬುದು ಒಂದು ತಮಾಷೆ. ಅದೇ 1962ರಲ್ಲಿ ಭೀಮ್‌ಸಿಂಗ್ ಅವರೇ ಹಿಂದಿಯಲ್ಲಿ ‘ರಾಖಿ’ ಮಾಡಿದರು. ಅಶೋಕ್ ಕುಮಾರ್, ವಹೀದಾ ರೆಹಮಾನ್, ಪ್ರದೀಪ್ ಕುಮಾರ್ ಮುಖ್ಯ ಪಾತ್ರಗಳಲ್ಲಿದ್ದರು. ಅಶೋಕ್ ಕುಮಾರ್‌ಗೆ ಫಿಲ್ಮ್‌ಫೇರ್ ಅತ್ಯುತ್ತಮ ನಟ ಪ್ರಶಸ್ತಿ ಬಂದರೆ, ಕೊಟ್ಟಾರಕ್ಕರ ಅವರಿಗೆ ಅತ್ಯುತ್ತಮ ಕತೆಯ ಪ್ರಶಸ್ತಿ ಬಂತು. ಸಿಂಹಳ ಭಾಷೆಯಲ್ಲೂ ಕತೆ ಮರುಹುಟ್ಟು ಪಡೆಯಿತು.

ಕನ್ನಡಕ್ಕೆ ಬಂದದ್ದು 1965ರಲ್ಲಿ, ‘ವಾತ್ಸಲ್ಯ’ ಎಂಬ ಹೆಸರಿನಲ್ಲಿ. ವೈ. ಆರ್. ಸ್ವಾಮಿ ನಿರ್ದೇಶನ, ರಾಜ್‌ಕುಮಾರ್ ನಾಯಕ. ಇದೇ ಸ್ವಾಮಿ ಮತ್ತು ರಾಜ್‌ಕುಮಾರ್ ಹಿಂದಿನ ವರ್ಷವಷ್ಟೇ ‘ಭಾಗ ಪಿರಿವಿನೈ’ಯನ್ನು ‘ಮುರಿಯದ ಮನೆ’ಯಾಗಿ ಕನ್ನಡಕ್ಕೆ ತಂದಿದ್ದರು. ಹೀಗೆ ಎರಡು ವರ್ಷಗಳಲ್ಲಿ ಭೀಮ್‌ಸಿಂಗ್ ಅವರ ಎರಡು ಮನೆಗಳು ಕನ್ನಡದಲ್ಲಿ ಎದ್ದು ನಿಂತವು. ಆಗ ಕನ್ನಡ ಚಿತ್ರಗಳ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದುದರಿಂದ ಪಕ್ಕದ ಫ್ಲೋರಿನಲ್ಲಿ ಗೆದ್ದ ಕತೆಯನ್ನು ಎತ್ತಿಕೊಳ್ಳುವುದು ಸುಲಭವಿತ್ತು, ನಷ್ಟದ ಭಯವೂ ಕಡಿಮೆ. ಸಣ್ಣ ಮಾರುಕಟ್ಟೆಯ ಕನ್ನಡ ಚಿತ್ರರಂಗಕ್ಕೆ ಅದು ಬದುಕುವ ದಾರಿಗಳಲ್ಲೊಂದಾಗಿತ್ತು. ಶಿವಾಜಿಯ ಏರುದನಿಯ ಅಣ್ಣ ಒಂದು ಬಗೆ, ರಾಜ್‌ಕುಮಾರ್ ಅವರ ತಗ್ಗಿದ ದನಿಯ ಅಣ್ಣ ಇನ್ನೊಂದು ಬಗೆ. ಅಣ್ಣನೆಂದರೆ ಹೇಗಿರಬೇಕು ಎಂಬ ಕನ್ನಡಿಗರ ಕಲ್ಪನೆಯಲ್ಲಿ ಎರಡನೆಯದರ ಪಾಲು ದೊಡ್ಡದು.

ಭೀಮ್‌ಸಿಂಗ್ ಮುಂದೆ ಹಿಂದಿಯಲ್ಲಿ ‘ಖಾನ್‌ದಾನ್’, ‘ಆದ್ಮಿ’, ‘ಗೋಪಿ’ಯಂಥ ದೊಡ್ಡ ಚಿತ್ರಗಳನ್ನು ಮಾಡಿದರು. ಅವರ ಕೊನೆಯ ಘಟ್ಟದ ಮುಖ್ಯ ಕೆಲಸ ಮಾತ್ರ ಕುಟುಂಬದ ಗೋಡೆಯ ಹೊರಗೆ ನಿಂತದ್ದು. ಜಯಕಾಂತನ್ ಕಾದಂಬರಿ ಆಧರಿಸಿದ ‘ಸಿಲ ನೇರಂಗಳಿಲ್ ಸಿಲ ಮನಿದರ್ಗಳ್’ (1977) ಚಿತ್ರದಲ್ಲಿ, ಒಂದು ಮಳೆಯ ಸಂಜೆ ಕೆಟ್ಟವಳೆನಿಸಿಕೊಂಡು ಅಣ್ಣನೇ ಮನೆಯಿಂದ ಹೊರಹಾಕಿದ ಹೆಣ್ಣಿನ ಕತೆಯನ್ನು ಅವರು ಹೇಳಿದರು. ತಂಗಿಗಾಗಿ ಪ್ರಾಣ ಬಿಟ್ಟ ಅಣ್ಣನನ್ನು ಸೃಷ್ಟಿಸಿದ ನಿರ್ದೇಶಕನೇ ಈ ಅಣ್ಣನನ್ನೂ ತೋರಿಸಿದ್ದು. ಆ ಹೆಣ್ಣಿನ ಪಾತ್ರಕ್ಕಾಗಿ ನಟಿ ಲಕ್ಷ್ಮಿಗೆ ರಾಷ್ಟ್ರ ಪ್ರಶಸ್ತಿ ಬಂತು. 1978ರ ಜನವರಿಯಲ್ಲಿ ಭೀಮ್‌ಸಿಂಗ್ ತೀರಿಕೊಂಡರು.

ಅದೇ ವರ್ಷದ ಆಗಸ್ಟ್‌ನಲ್ಲಿ ಮಹೇಂದ್ರನ್ ನಿರ್ದೇಶನದ ‘ಮುಳ್ಳುಂ ಮಲರುಂ’ ತೆರೆಕಂಡಿತು. ಶಿವಾಜಿಯ ‘ತಂಗ ಪದಕ್ಕಂ’ಗೆ ಅಬ್ಬರದ ಸಂಭಾಷಣೆ ಬರೆದಿದ್ದ ಮಹೇಂದ್ರನ್ ಇಲ್ಲಿ ಮಾತನ್ನೇ ಕಿತ್ತುಹಾಕಿದರು. ಇಲ್ಲೂ ತಬ್ಬಲಿ ಅಣ್ಣ–ತಂಗಿ, ಇಲ್ಲೂ ಅಣ್ಣ ಕೂಲಿಯಾಳು, ಇಲ್ಲೂ ತಂಗಿಯನ್ನು ಮೆಚ್ಚಿದವನು ಕೆಲಸದ ಜಾಗದವನೇ. ಆದರೆ ಯಜಮಾನಿಕೆ ಅದಲುಬದಲಾಗಿದೆ. ತಂಗಿಯನ್ನು ಮೆಚ್ಚಿದವನು ಇಂಜಿನಿಯರ್, ಅವನ ಕೈಕೆಳಗಿನ ವಿಂಚ್ ಆಪರೇಟರ್ ಅಣ್ಣ. ಬೆಂಗಳೂರಿನಿಂದ ಹೋದ ರಜನಿಕಾಂತ್ ಆ ಅಣ್ಣ ಕಾಳಿಯಾದರು. ತಂಗಿಯ ಮೇಲಿನ ಪ್ರೀತಿಯೂ ಒಂದು ಹಟಮಾರಿತನವೇ ಎಂದು ಆ ಚಿತ್ರ ನೇರವಾಗಿ ತೋರಿಸಿತು. ‘ಪಾಸಮಲರ್’ ಕಂಡೂ ಕಾಣದಂತೆ ದಾಟಿಹೋಗಿದ್ದ ಜಾಗ ಅದು.

ಆದರೂ ಜನಪ್ರಿಯ ಸಿನಿಮಾ ಹಿಡಿದದ್ದು ಹಳೆಯ ದಾರಿಯನ್ನೇ. ಭಾರತಿರಾಜಾ 1993ರಲ್ಲಿ ‘ಕಿಳಕ್ಕು ಚೀಮೈಯಿಲೆ’ ಮಾಡಿ ಅಣ್ಣ–ತಂಗಿಯನ್ನು ಮದುರೆ ಸೀಮೆಯ ಹಳ್ಳಿಗೆ ಕರೆದೊಯ್ದರು. ಕನ್ನಡದಲ್ಲಿ ಓಂ ಸಾಯಿಪ್ರಕಾಶ್ 2002ರಲ್ಲಿ ‘ತವರಿಗೆ ಬಾ ತಂಗಿ’, 2005ರಲ್ಲಿ ‘ಅಣ್ಣ ತಂಗಿ’ ನಿರ್ದೇಶಿಸಿದರು. ಶಿವರಾಜ್‌ಕುಮಾರ್ ಮತ್ತು ರಾಧಿಕಾ ಜೋಡಿ ಹಳ್ಳಿ–ಪಟ್ಟಣಗಳ ಹೆಣ್ಣುಮಕ್ಕಳನ್ನು ಚಿತ್ರಮಂದಿರಕ್ಕೆ ಮತ್ತೆ ಕರೆತಂದಿತು. ತಮಿಳಿನಲ್ಲಿ ‘ಕರ್ಣನ್’ ಚಿತ್ರದ ಡಿಜಿಟಲ್ ಪ್ರತಿ 2012ರಲ್ಲಿ ಗೆದ್ದ ಮೇಲೆ, 2013ರಲ್ಲಿ ‘ಪಾಸಮಲರ್’ ಕೂಡ ಹೊಸ ಪ್ರತಿಯಾಗಿ ಚಿತ್ರಮಂದಿರಗಳಿಗೆ ಮರಳಿತು.